ಚಕ್ರವರ್ತಿಯ ಕೆನ್ನೆಯ ಬೊಟ್ಟು

ಧರ್ಮಗುರುವಿನ ವೇಷದಲ್ಲಿದ್ದ ಕಾಲೇಜು ಡೀನ್, ಚಕ್ರವರ್ತಿಯ ವೇಷದ ಡಾಕ್ಟರ್ ವೇಣುಗೋಪಾಲರ ತಲೆಗೆ ಕಿರೀಟ ಇಡಹೋದವನು ಗಕ್ಕನೆ ನಿಂತ. ಅವನ ಕಣ್ಣು ಚಕ್ರವರ್ತಿಯ ಕೆನ್ನೆಯಲ್ಲಿ ನೆಟ್ಟಿತ್ತು. ಲಂಡನ್ನಿನ ಅಕ್ಸ್‌ಬ್ರಿಡ್ಜಿನ ಕನ್ನಡ ಕೂಟದಲ್ಲಿ ಅಂದು ಬೈಜಾಂಟಿಯಮ್ ಎಂಬ ಹಳೆಯ ರೋಮನ್ ಸಾಮ್ರಾಜ್ಯದ ನಾಟಕ. ಮುಂದಿನ ಸಾಲಿನಲ್ಲಿದ್ದ ಕೃಷ್ಣವೇಣಮ್ಮ ಕುರ್ಚಿಯ ಅಂಚಿಗೆ ಜರುಗಿದರು. ಐವತ್ತರ ಮಗ ವೇಣುಗೋಪಾಲನಿಗೆ ದೃಷ್ಟಿಯಾಗದಿರಲೆಂದು ಕಾಡಿಗೆ ಬೊಟ್ಟಿಟ್ಟು ಕಳಿಸಿದ್ದವರು ಅವರೇ.

ಚಕ್ರವರ್ತಿಯ ಪಾತ್ರ ತನ್ನ ಕೈತಪ್ಪಿದ್ದಕ್ಕೆ ತಿಂಗಳಿಂದ ಕುದಿಯುತ್ತಿದ್ದ ಡೀನ್, ನಾಟಕದಲ್ಲಿಲ್ಲದ ಮಾತು ಗುಡುಗಿದ: “ಮುಖದಲ್ಲಿ ಕಲೆಯಿದ್ದವನಿಗೆ ಬೈಜಾಂಟಿಯಮ್ಮಿನ ಸಿಂಹಾಸನವಿಲ್ಲ! ಇದು ನಮ್ಮ ಸಾಮ್ರಾಜ್ಯದ ಕಟ್ಟಳೆ!” ಹಾಗೆಂದವನೇ ಕಿರೀಟವನ್ನು ತನ್ನ ತಲೆಗೇ ಇಟ್ಟುಕೊಂಡ. ಇದೂ ನಾಟಕದ ಭಾಗವೆಂದುಕೊಂಡ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಕೃಷ್ಣವೇಣಮ್ಮ ಪಕ್ಕದಲ್ಲಿದ್ದ ಸೊಸೆಯ ತೋಳು ಚಿವುಟಿದರು. “ನೋಡಿದ್ಯಾ, ಇವನ ಕಣ್ಣೇ ಬಿದ್ದಿದ್ದು! ಬೊಟ್ಟು ಇನ್ನೂ ದೊಡ್ಡದಾಗಿ ಇಡ್ಬೇಕಿತ್ತು ಕಣೇ.”