ಬಿಳಿ ಮಾತ್ರೆ

ತಂಗಿಯ ಗಂಡ ಸ್ನಾನಕ್ಕೆ ಹೋದ. ತಂಗಿಯ ಆರೈಕೆಗೆಂದು ಬಂದಿದ್ದ ಅಕ್ಕನಿಗೆ ಸಿಕ್ಕಿದ್ದು ಹತ್ತೇ ನಿಮಿಷ. ಕಪಾಟಿನಿಂದ ಮಾತ್ರೆಗಳ ಡಬ್ಬಿ ಇಳಿಸಿದಳು. ವಾರದ ಏಳು ದಿನಕ್ಕೆ ಏಳು ಸಾಲು, ಸಾಲಿಗೆ ಮೂರು ಗೂಡು. ಪ್ರತಿ ಗೂಡಿನಿಂದಲೂ ಚಿಕ್ಕ ಬಿಳಿ ಮಾತ್ರೆಯನ್ನಷ್ಟೇ ಹೆಕ್ಕಿ ತೆಗೆದು, ಅಷ್ಟೇ ಗಾತ್ರದ ವಿಟಮಿನ್ ಮಾತ್ರೆ ಹಾಕಿದಳು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವ ಹೊತ್ತಿಗೆ ಏನೂ ಅರಿಯದವಳಂತೆ ಚಹಾ ಸೋಸುತ್ತಿದ್ದಳು.

ತಂಗಿಗೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ. ಅದರ ದೆಸೆಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಮೈಯಲ್ಲಿ ಉಕ್ಕಿ ಹರಿಯುತ್ತಿತ್ತು. ಎರಡೇ ತಿಂಗಳಲ್ಲಿ ಮುಖ ಊದಿತು, ತೊಡೆ ಸೊರಗಿ ಕುರ್ಚಿಯಿಂದ ಏಳಲಾಗದಾಯಿತು, ಮುಟ್ಟಿದಲ್ಲೆಲ್ಲ ಚರ್ಮ ಕಪ್ಪುಗಟ್ಟಿತು. ನಿದ್ದೆ ಹೋಯಿತು, ಬುದ್ಧಿಯೂ ದಾರಿ ತಪ್ಪಿತು. “ಇದನ್ನ ತಗ್ಗಿಸದೆ ಕ್ಯಾನ್ಸರ್ ಚಿಕಿತ್ಸೆಗೆ ಕೈ ಹಾಕೋ ಹಾಗಿಲ್ಲ. ಸದ್ಯ ಇವರನ್ನ ಕೊಲ್ತಿರೋದು ಈ ಹಾರ್ಮೋನೇ” ಎಂದು ವೈದ್ಯೆ ಮೊದಲ ದಿನವೇ ಹೇಳಿದ್ದರು. ಅಕ್ಕ ಆ ಮಾತನ್ನು ಮರೆಯಲಿಲ್ಲ.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದರು. ಔಷಧದ ಪೊಟ್ಟಣದೊಳಗಿನ ಚೀಟಿಯನ್ನೂ ಬಿಡದೆ ಓದುವ ಹೆಂಗಸು. ದೊಡ್ಡ ಹಳದಿ ಮಾತ್ರೆ ಕಾರ್ಟಿಸಾಲನ್ನು ತಡೆಯುವಂಥದ್ದು, ಸರಿ. ಆದರೆ ಹೋದ ವಾರದಿಂದ ತಂಗಿಯ ಗಂಡ ಹೊಸದಾಗಿ ಸೇರಿಸಿದ ಬಿಳಿ ಮಾತ್ರೆ? ಚೀಟಿಯನ್ನು ಮೂರು ಸಲ ಓದಿದಳು. ಅದು ಕಾರ್ಟಿಸಾಲೇ.

“ಈ ಬಿಳಿದು ಯಾಕೆ?” ಎಂದು ಕೇಳಿಯೂ ನೋಡಿದ್ದಳು.

“ಡಾಕ್ಟ್ರು ಹೇಳಿದ್ದಾರೆ ಅಕ್ಕಾ. ಬೇರೆ ಯಾವುದು ತಪ್ಪಿದ್ರೂ ಇದು ಮಾತ್ರ ತಪ್ಪಬಾರದು.”

ಅಷ್ಟೇ. ಮೊದಲೇ ಗುಮ್ಮನಗುಸ್ಕ, ಇನ್ನೊಂದು ಮಾತು ಹೊರಡಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವವನೂ ಅವನೇ, ವೈದ್ಯೆಯ ಜೊತೆ ಮಾತಾಡುವವನೂ ಅವನೇ. ಹೆಚ್ಚು ಕೆದಕಿದರೆ ಎಚ್ಚರಗೊಂಡಾನು ಎಂದು ಅಕ್ಕ ಬಾಯಿ ಹೊಲಿದುಕೊಂಡಳು.

ತಂಗಿ ತಿಂಗಳ ಹಿಂದೆಯೇ ಅಕ್ಕನ ಕಿವಿಯಲ್ಲಿ ಉಸುರಿದ್ದಳು. “ಅಕ್ಕಾ, ಇವರು ನಂಗೆ ವಿಷ ಹಾಕ್ತಿದ್ದಾರೆ.” ಅದು ಕಾಯಿಲೆಯ ಭ್ರಮೆ ಎಂದರು ಎಲ್ಲರೂ. ಅಕ್ಕನೂ ನಂಬಿ, ತಲೆ ನೇವರಿಸಿ ಸುಮ್ಮನಾಗಿಸಿದ್ದಳು. ಈಗ ಅದು ಭ್ರಮೆಯಲ್ಲ ಅನಿಸಿತು. ಒಡಹುಟ್ಟಿದವಳೆಂದು ಇದ್ದವಳು ಅವಳೊಬ್ಬಳೇ.

ಬಿಳಿ ಮಾತ್ರೆ ನಿಂತ ಮೊದಲ ದಿನ ತಂಗಿ ಎರಡು ತುತ್ತು ಹೆಚ್ಚೇ ಉಂಡಳು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಎರಡನೇ ದಿನ ವಾಂತಿ, ತಲೆಸುತ್ತು. ಎತ್ತಿ ಕೂರಿಸಿದರೆ ಕತ್ತು ವಾಲುತ್ತಿತ್ತು. ಇನ್ಯಾವುದರಲ್ಲೋ ಬೆರೆಸುತ್ತಿದ್ದಾನೆ! ಅಂದಿನಿಂದ ತಂಗಿಯ ಬಾಯಿಗೆ ಹನಿ ನೀರನ್ನೂ ಅವನ ಕೈಯಿಂದ ಬೀಳಗೊಡಲಿಲ್ಲ.

ಅದೇ ಸಂಜೆ ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಮನೆಗೆ ಬಂದ ತಂಗಿಯ ಗಂಡ ಬಾಲ್ಕನಿಯಲ್ಲಿ ಫೋನು ಹಿಡಿದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

“ಹ್ಞೂಂ, ಬ್ಯಾಗಲ್ಲೇ ಇದೆ. ಅವಳು ಕುಸಿದ ತಕ್ಷಣ ಚುಚ್ಚಿಬಿಡ್ತೀನಿ. ಕೈ ನಡುಗಲ್ಲ ಬಿಡಿ.”

ಅದು ಅಕ್ಕನ ಕಿವಿಗೆ ಬಿತ್ತು. ಅವನು ಊಟಕ್ಕೆ ಕೂತಾಗ ಬ್ಯಾಗು ಜಾಲಾಡಿದಳು. ಸ್ಪ್ಯಾನರುಗಳ ನಡುವೆ ಕರವಸ್ತ್ರದಲ್ಲಿ ಸುತ್ತಿದ ಒಂದು ಸಿರಿಂಜು, ಪುಡಿ ತುಂಬಿದ ಒಂದು ಪುಟ್ಟ ಸೀಸೆ. ಸೀಸೆಯ ಮೇಲೆ ಅದೇ ಬಿಳಿ ಮಾತ್ರೆಯ ಹೆಸರು. ಪ್ರಮಾಣ ಮಾತ್ರೆಯ ಹತ್ತು ಪಟ್ಟು. ಎರಡನ್ನೂ ತನ್ನ ಕೈಚೀಲಕ್ಕೆ ಸೇರಿಸಿದಳು. ಬೆಳಗಾಗಲಿ, ನೇರ ವೈದ್ಯೆಯ ಮುಂದೆಯೇ ಇಡುತ್ತೇನೆ ಎಂದುಕೊಂಡಳು.

ಮೂರನೇ ದಿನ ಬೆಳಿಗ್ಗೆ ತಂಗಿ ಕುಸಿದಳು. ಮೈ ತಣ್ಣಗೆ, ತುಟಿ ಬಿಳಿಚಿಕೊಂಡು, ಕರೆದರೂ ಓಗೊಡಲಿಲ್ಲ. ಗಂಡ ಬ್ಯಾಗಿನತ್ತ ನುಗ್ಗಿ, ಇದ್ದಬದ್ದದ್ದನ್ನೆಲ್ಲ ನೆಲಕ್ಕೆ ಸುರಿದ.

“ಇಲ್ಲೇ ಇತ್ತು... ಇಲ್ಲೇ ಇಟ್ಟಿದ್ದೆ...”

“ಅದು ನಿಮಗೆ ಸಿಗಲ್ಲ” ಎಂದಳು ಅಕ್ಕ. “ನಡೀರಿ ಆಸ್ಪತ್ರೆಗೆ. ಅಲ್ಲೇ ಮಾತಾಡೋಣ.”

ಅವನು ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ. ಓಡಿಹೋಗಲು ಬಿಟ್ಟೇನೇ ಎಂದು ಅಕ್ಕನೂ ಹಿಂದೆಯೇ ಓಡಿ ಅದೇ ಗಾಡಿ ಹತ್ತಿದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ವೈದ್ಯೆ ತಂಗಿಯ ನಾಡಿ ಹಿಡಿದಿದ್ದರು. ರಕ್ತದೊತ್ತಡ ಯಂತ್ರಕ್ಕೇ ಸಿಗುತ್ತಿರಲಿಲ್ಲ. ಅಕ್ಕ ನರ್ಸನ್ನು ತಳ್ಳಿಕೊಂಡು ಮುಂದೆ ಹೋಗಿ ಸೀಸೆಯನ್ನು ಎತ್ತಿ ಹಿಡಿದಳು.

“ಡಾಕ್ಟ್ರೇ, ಇದನ್ನ ನೋಡಿ. ಇವಳಿಗೆ ಚುಚ್ಚೋಕೆ ಅಂತ ಇವರು ಬಚ್ಚಿಟ್ಟುಕೊಂಡಿದ್ರು!”

ವೈದ್ಯೆ ಸೀಸೆಯ ಹೆಸರು ಓದಿದರು. ಅವಳ ಕೈಯಿಂದ ಕಿತ್ತುಕೊಂಡು, ಪುಡಿ ಕರಗಿಸಿ, ಸಿರಿಂಜಿಗೆ ಎಳೆದು, ಪೂರ್ತಿ ಔಷಧವನ್ನು ತಂಗಿಯ ನರಕ್ಕೇ ಏರಿಸಿದರು.

ಅಕ್ಕ ಚೀರಿ ಮೇಲೆ ಬಿದ್ದಳು. ಇಬ್ಬರು ನರ್ಸುಗಳು ಅವಳನ್ನು ಹಿಡಿದುಕೊಂಡರು. ಸಲೈನು ಏರಿತು. ಬಹಳ ಹೊತ್ತಾದ ಮೇಲೆ ಯಂತ್ರದಲ್ಲಿ ಮೊದಲ ಅಂಕಿ ಮೂಡಿತು. ತಂಗಿ ಸಣ್ಣಗೆ ನರಳಿದಳು.

“ಹಳದಿ ಮಾತ್ರೆ ಕೊಟ್ಟು ಇವರ ಮೈಯಲ್ಲಿ ಈ ಹಾರ್ಮೋನನ್ನ ಪೂರ್ತಿ ನಿಲ್ಲಿಸಿದ್ವಿ” ಎಂದರು ವೈದ್ಯೆ, ತಿರುಗಿ ನಿಂತು. “ಆದ್ರೆ ಒಂಚೂರೂ ಇಲ್ದೆ ಯಾರೂ ಬದುಕಲ್ಲ. ಆ ಒಂಚೂರು ಬಿಳಿ ಮಾತ್ರೆಯಿಂದ ಸಿಗ್ತಿತ್ತು. ಅದು ತಪ್ಪಿ ಕುಸಿದ್ರೆ ತಕ್ಷಣ ಚುಚ್ಚಿ ಅಂತ ಈ ಸೂಜಿ ಕೊಟ್ಟವಳೂ ನಾನೇ. ಅರ್ಧ ಗಂಟೆ ತಡವಾಗಿದ್ರೆ ಮುಗೀತಿತ್ತು. ಬಿಳಿ ಮಾತ್ರೆ ನಿಲ್ಲಿಸಿದ್ದು ಯಾರು?”

ಎಲ್ಲರೂ ಗಂಡನನ್ನೇ ನೋಡಿದರು.

“ನಾನು” ಎಂದಳು ಅಕ್ಕ.