ಮುಂದೆ ಓಡುವ ಮೀಟರ್

ಮಗಳು ಒಬ್ಬಳೇ ಬೈಕಿನಲ್ಲಿ ಉಪ್ಪಿನ ಮರುಭೂಮಿ ದಾಟಲು ಹೊರಟಿದ್ದಳು. ಬೇಡ ಎಂದರೆ ಕೇಳುವವಳಲ್ಲ. ಕಣ್ಣು ಮುಚ್ಚಿದರೆ ಸಾಕು, ಪೆಟ್ರೋಲ್ ಮುಗಿದು ನಡುದಾರಿಯಲ್ಲಿ ನಿಂತ ಬೈಕು ಅಪ್ಪನಿಗೆ ಕಾಣುತ್ತಿತ್ತು. ಓಡಿದ ದೂರ ತೋರಿಸುವ ಹಳೆಯ ಮೀಟರ್ ಕೆಟ್ಟಿದ್ದರಿಂದ, ಹೊಸದನ್ನು ಹಾಕಿಸುವ ಕೆಲಸವನ್ನು ಅವನೇ ವಹಿಸಿಕೊಂಡ.

"ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಮಾಡೋಕಾಗುತ್ತಾ?" ಎಂದು ಮೆಕ್ಯಾನಿಕ್‌ನನ್ನು ಮೆಲ್ಲಗೆ ಕೇಳಿದ.

"ಎಲ್ರೂ ಕಮ್ಮಿ ತೋರಿಸು ಅಂತಾರೆ ಸಾರ್, ಗಾಡಿ ಮಾರೋಕೆ. ನೀವೇನು ಉಲ್ಟಾ?"

"ತೊಂಬತ್ತು ಕಿಲೋಮೀಟರ್ ಓಡಿದ್ರೆ ನೂರು ಅನ್ಲಿ. ಆ ಲೆಕ್ಕ ನೋಡಿ ಬೇಗ ಬೇಗ ಪೆಟ್ರೋಲ್ ಹಾಕಿಸ್ಕೋತಾಳೆ. ಅವಳಿಗೆ ಹೇಳ್ಬೇಡಿ."

ಮೆಕ್ಯಾನಿಕ್ ಚಕ್ರದ ಸುತ್ತಳತೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ಮೀಟರಿಗೆ ತುಂಬಿಸಿ ನಕ್ಕ. "ಈಗ ನಿಮ್ಮ ಮಗಳ ಬೈಕಿಗೆ ಲಾರಿ ಚಕ್ರ, ಸಾರ್."

ಅವಳು ಹೊರಟ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಮಾತಿಗಿಂತ ಗಾಳಿಯ ಸದ್ದೇ ಹೆಚ್ಚು.

"ಅಪ್ಪಾ, ಮರುಭೂಮಿ ಒಳಗಿದೀನಿ. ಸುತ್ತ ಬರೀ ಬಿಳಿ. ಒಂದು ಮರ ಇಲ್ಲ, ಕಲ್ಲಿಲ್ಲ."

"ಮತ್ತೆ ದಾರಿ ಹೇಗೆ ಗೊತ್ತಾಗುತ್ತಮ್ಮ?"

"ಮರುಭೂಮಿ ಶುರುವಾಗೋ ಕಡೆ ಇರೋ ಪೊಲೀಸ್ ಚೌಕಿಯವರು ಹೇಳಿ ಕಳ್ಸಿದಾರೆ. ಅಲ್ಲೇ ಮೀಟರ್ ಸೊನ್ನೆ ಮಾಡ್ಕೊಂಡೆ. ಅಲ್ಲಿಂದ ಸರಿಯಾಗಿ ಎಂಬತ್ತು ಕಿಲೋಮೀಟರಿಗೆ ಎಡಕ್ಕೆ ತಿರುಗ್ಬೇಕಂತೆ. ಅದಕ್ಕೂ ಮೊದ್ಲೇ ತಿರುಗಿದ್ರೆ ಉಪ್ಪಿನ ಕೆಳಗೆ ಕೆಸರಂತೆ, ಬೈಕ್ ಸಮೇತ ನುಂಗಿಬಿಡುತ್ತಂತೆ."

"ತಿರುಗಬೇಡ! ಅಲ್ಲೇ ನಿಲ್ಲು! ಆ ಮೀಟರ್ ಸುಳ್ಳು..."

"ಏನೂ ಕೇಳಿಸ್ತಿಲ್ಲಪ್ಪ. ನೀವು ಹೆದರ್ಬೇಡಿ, ಮೀಟರ್ ಎಂಬತ್ತು ತೋರಿಸಿದ ತಕ್ಷಣ ತಿರುಗಿಸಿದೀನಿ."