ಕೂಗುವ ಸಾಲು

ಕರೆಂಟು ಬಂತು. ಪಂಚಾಯ್ತಿಯ ಲಿನಕ್ಸ್ ಕಂಪ್ಯೂಟರ್ ನೋಡಿಕೊಳ್ಳುವ ವಿಶಾಖಾ ಕೈ ಚಾಚುವಷ್ಟರಲ್ಲಿ ಅದು ತಾನಾಗಿ ಆನ್ ಆಯಿತು. ಆನ್ ಆದೊಡನೆ ಓಡಲೆಂದು ಅವಳೇ ಬರೆದಿಟ್ಟಿದ್ದ ನಾಲ್ಕು ಸಾಲಿನ ಸ್ಕ್ರಿಪ್ಟ್ ಓಡಿ, ಮಾಳಿಗೆಯ ಮೈಕಿನಲ್ಲಿ ರೆಕಾರ್ಡ್ ಮಾಡಿಟ್ಟ ಅವಳದೇ ದನಿ ಕೂಗಿತು: "ನಳಕ್ಕ ನೀರು ಬಂದಾವ, ಲಗೂನ ಬರ್ರಿ!"

ಕರೆಂಟು ಬಂದರೆ ಮೋಟರು, ಮೋಟರು ಓಡಿದರೆ ನೀರು ಎಂದು ನಂಬಿ ಬರೆದದ್ದು. ಅವಳು ದೇವದುರ್ಗದ ತವರಿಗೆ ಹೋಗಿದ್ದ ವಾರದಲ್ಲೇ ಬೋರು ಬತ್ತಿತ್ತು. ಸ್ಕ್ರಿಪ್ಟಿಗೆ ಅದು ತಿಳಿಯುವ ಬಗೆಯಿರಲಿಲ್ಲ.

ಮುದುಕಮ್ಮ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದಳು. ಕರೆಂಟು ಹೋಗಿ ಬಂದಾಗಲೆಲ್ಲ ಕೂಗು ಕೇಳಿ ಬರುತ್ತಿದ್ದಳು; ಬೆಳಗಿನಿಂದ ಇದು ನಾಲ್ಕನೇ ಸಲ.

"ತಪ್ಪಾತು ಯವ್ವಾ," ಎಂದು ವಿಶಾಖಾ ಸ್ಕ್ರಿಪ್ಟಿನಲ್ಲಿ ಕೂಗಿಸುವ ಆ ಸಾಲನ್ನು ಅಳಿಸಲು ಹೊರಟಳು. "ಇನ್ನ ಕೂಗಂಗಿಲ್ಲ."

ಮುದುಕಿ ಅವಳ ಕೈ ಹಿಡಿದಳು. "ಬ್ಯಾಡವ್ವಾ, ಕೂಗಲಿ ಬಿಡು. ಅದೂ ಸುಮ್ಮನಾದ್ರ, ನೀರು ಬರಂಗಿಲ್ಲಂತ ಖಾತ್ರಿ ಆಗಿಬಿಡ್ತದ."